ಮಾವನ ಕಣ್ಣು ಮತ್ತು ನನ್ನ ಕೈಗುಣ

ಮನೆಯಲ್ಲಿ ಒಬ್ಬರಿಗೆ ಡಾಕ್ಟರು "ಸುಮ್ಮನೆ ಕುಳಿತಿರಿ" ಎಂದು ಹೇಳಿದರೆ ಸಾಕು, ಉಳಿದವರಿಗೆಲ್ಲ ಇಲ್ಲದ ಕೆಲಸಗಳು ಹುಟ್ಟಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಹುಟ್ಟಿದ ಕೆಲಸವೆಲ್ಲ ನನ್ನ ಕೈಗೇ ಬರುತ್ತದೆ. ಬಂದ ಮೇಲೆ ಏನಾಯಿತು ಎನ್ನುವುದನ್ನು ಓಣಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅವರು ಹೇಳುವುದರಲ್ಲಿ ಉಪ್ಪುಖಾರ ಜಾಸ್ತಿ. ನಡೆದದ್ದನ್ನು ನಾನೇ ಹೇಳಿಬಿಡುವುದು ಒಳ್ಳೆಯದು.

ಹೋದ ಚಳಿಗಾಲ ಹೊಸರಿತ್ತಿಯ ನಮ್ಮ ಮಾವನವರಿಗೆ, ಅಂದರೆ ಹೆಂಡತಿಯ ತಂದೆಗೆ, ಕಣ್ಣಿನ ಪೊರೆ ತೆಗೆಸಿ ರಾಣೆಬೆನ್ನೂರಿನ ನಮ್ಮ ಮನೆಗೆ ಕರೆತಂದೆವು. ಅವರ ಎಡಗಣ್ಣು ಚಿಕ್ಕಂದಿನಿಂದಲೇ ಮಂಜು. ಇದ್ದ ಒಂದು ಬಲಗಣ್ಣಿಗೇ ಈಗ ಆಪರೇಶನ್. "ಬಹಳ ತಡ ಮಾಡಿ ಬಂದೀರಿ, ಒಳಗ ಬಾವು ಐತಿ. ಎರಡು ವಾರ ಬಿಟ್ಟು ನೋಡೂಣು" ಎಂದು ಡಾಕ್ಟರು ಅಂದದ್ದೇ ತಡ, ನನ್ನ ಹೆಂಡತಿಯ ಮುಖ ಸಣ್ಣದಾಯಿತು. ಬಗ್ಗಬಾರದು, ಧೂಳು ಬೇಡ, ಹೊಗೆ ಬೇಡ, ಒಗ್ಗರಣೆಯ ಘಾಟಂತೂ ಬೇಡವೇ ಬೇಡ ಎಂದು ನನಗೆ ಬೆರಳು ಮಡಚಿ ಮಡಚಿ ಹೇಳಿದಳು. ಅವಳ ಪ್ರಕಾರ ಈ ನಾಲ್ಕೂ ನನ್ನಿಂದಲೇ ಬರುವಂಥವು.

ಮಾವನವರೋ ಜೀವನವಿಡೀ ತಮ್ಮ ಕೆಲಸ ತಾವೇ ಮಾಡಿಕೊಂಡವರು. ನೂಲುತ್ತಾರೆ, ಬಡಿಗತನ ಬರುತ್ತದೆ, ಅಂಗಿಯ ಗುಂಡಿಯನ್ನೂ ತಾವೇ ಹೊಲಿಯುತ್ತಾರೆ. ಅಳಿಯನ ಕೈಕೆಲಸದ ಬಗ್ಗೆ ಮಾತ್ರ ಹನ್ನೊಂದು ವರ್ಷಗಳಿಂದ ಒಂದೇ ಒಂದು ಒಳ್ಳೆಯ ಮಾತು ಆಡಿದವರಲ್ಲ. ಈಗ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಕಣ್ಣಿನ ಕೆಲಸವನ್ನೂ ಕಿವಿಯೇ ವಹಿಸಿಕೊಂಡಿತ್ತು.

ಒಂದು ಸ್ಕ್ರೂ, ಎರಡು ಖೋಲಿ

ಕಣ್ಣಿನ ಹನಿಗಳ ಸಣ್ಣ ಬಾಟಲಿಗಳನ್ನು ಬಗ್ಗದೆ ತೆಗೆದುಕೊಳ್ಳುವಂತೆ ಮಾವನವರ ಮಂಚದ ಪಕ್ಕ ಒಂದು ಹಲಗೆ ಬೇಕೆಂದಳು ಹೆಂಡತಿ. "ಬಡಿಗೇರನ್ನ ಕರಸೂಣು" ಎಂದಳು. ಮನೆಯಲ್ಲಿ ಡ್ರಿಲ್ ಮಷೀನು ಇಟ್ಟುಕೊಂಡು ಬಡಿಗೇರರನ್ನು ಕರೆಸುವುದೆಂದರೆ ನನಗೆ ಅವಮಾನವಲ್ಲವೇ?

ಧೂಳು ತಾಗದಿರಲೆಂದು ಮಾವನವರನ್ನು ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿ, ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಮಷೀನು ಗುಡುಗಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ದನಿ ಬಂತು.

"ಅಳಿಯಂದ್ರ, ಇಟ್ಟಂಗಿ ಮುಗೀತು. ಈಗ ಗಾರೆ ಕೊರ್ಯಾಕತ್ತೀರಿ."

"ಸುಮ್ಮ ಕುಂದರ್ರಿ ಮಾವಾರ, ನನಗ ಗೊತ್ತೈತಿ" ಎಂದೆ.

"ಹಂಗಾದ್ರ ಆತು ಬಿಡ್ರಿ. ಈಗ ಗಾರೆನೂ ಮುಗೀತು."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಚೀರಿದಳು. ನಡುವಿನ ಗೋಡೆ ಇದ್ದದ್ದು ನಾಲ್ಕಿಂಚು, ನನ್ನ ಡ್ರಿಲ್ಲಿನ ಕಡ್ಡಿ ಆರಿಂಚು. ಅದು ಗೋಡೆ ದಾಟಿ ಅವಳ ಅವಲಕ್ಕಿ ಡಬ್ಬಿಯ ಪಕ್ಕದಲ್ಲಿ ಗಿರಗಿರ ತಿರುಗುತ್ತಿತ್ತು. ಯಾರಿಗೂ ತಾಗಲಿಲ್ಲ, ಡಬ್ಬಿಯೂ ಉಳಿಯಿತು. ನನಗೆ ಜೀವ ಬಂದಂತಾಯಿತು.

ಆದ ತೂತನ್ನು ಏನು ಮಾಡುವುದು? ಉದ್ದನೆಯ ಸ್ಕ್ರೂ ಹಾಕಿ ಈ ಕಡೆ ಹಲಗೆ ಕೂರಿಸಿದೆ. ಆ ಕಡೆ ಹೊರಬಂದ ತುದಿಗೆ ಹೆಂಡತಿ ಸಿಟ್ಟಿನಲ್ಲೇ ಸೌಟು ನೇತುಹಾಕಿದಳು. ಮರುದಿನದಿಂದ ಮಾವನವರನ್ನು ಊಟಕ್ಕೆ ಕರೆಯುವ ಕೆಲಸ ತಪ್ಪಿತು. ಅಡುಗೆಮನೆಯಲ್ಲಿ ಅವಳು ಸೌಟು ತೆಗೆದ ಕೂಡಲೇ ಇಲ್ಲಿ ಬಾಟಲಿಗಳು ಟಿಣ್ ಟಿಣ್ ಅನ್ನುತ್ತಿದ್ದವು, ಇವರು "ಸಾರು ಬಡಸಾಕತ್ತಾಳ" ಎಂದು ಎದ್ದು ಕೈ ತೊಳೆಯಲು ಹೋಗುತ್ತಿದ್ದರು.

ಖಾರವಿಲ್ಲದ ಮೆಣಸಿನಕಾಯಿ

ಅದೇ ವಾರ ಹೆಂಡತಿ ತನ್ನ ತಂಗಿಯನ್ನು ನೋಡಲು ಕರ್ಜಗಿಗೆ ಹೋಗಬೇಕಾಯಿತು. "ಬುತ್ತಿ ಮಾಡಿಟ್ಟೇನಿ. ಒಲಿ ಹಚ್ಚಬ್ಯಾಡ್ರಿ" ಎಂದು ಎರಡು ಸಲ ಹೇಳಿ ಹೋದಳು.

ಅವಳು ಓಣಿ ದಾಟುವಷ್ಟರಲ್ಲಿ ಬ್ಯಾಡಗಿಯ ಗೆಳೆಯ ಬೈಕಿನಲ್ಲಿ ಬಂದ. ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವವನು. ಪ್ರತಿ ಚಳಿಗಾಲ ಹೊಸ ಮಾಲು ಬಂದಾಗ ನಮ್ಮ ಮನೆಗೊಂದು ಗಂಟು ತಪ್ಪಿಸುವುದಿಲ್ಲ. ಗಂಟು ನೋಡಿದ್ದೇ ನನಗೆ ಕೆಂಪು ಚಟ್ನಿ ನೆನಪಾಯಿತು. ಬುತ್ತಿಯ ರೊಟ್ಟಿಗೆ ಒಂದಿಷ್ಟು ಚಟ್ನಿ ಮಾಡುವುದು ಒಲೆ ಹಚ್ಚಿದ ಲೆಕ್ಕಕ್ಕೆ ಬರುತ್ತದೆಯೇ?

"ಎಷ್ಟು ಹಾಕಲಿ?" ಎಂದು ಕೇಳಿದೆ.

"ಎರಡು ಹಿಡಿ ಹಾಕು ಲೇ. ಬ್ಯಾಡಗಿ ಕಾಯಿ, ಬರೇ ಬಣ್ಣ. ಕೂಸಿಗೆ ತಿನ್ನಸಬಹುದು" ಎಂದ ಅವನು, ಫೋನಿನಿಂದ ತಲೆ ಎತ್ತದೆ.

ಎರಡು ಹಿಡಿ ಬಾಣಲೆಗೆ ಬಿತ್ತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ನನಗೊಂದು ಸೀನು, ಅವನಿಗೊಂದು ಸೀನು. ಆಮೇಲೆ ಸೀನಿನ ಲೆಕ್ಕ ಹೇಳುವಂತಿರಲಿಲ್ಲ. ಕಣ್ಣು ಬಿಡಲಾಗದು, ಉಸಿರು ಎಳೆಯಲಾಗದು. ಅವನ ಬೈಕಿನಲ್ಲಿ ಎರಡು ಗಂಟುಗಳಿದ್ದವಂತೆ. ನಮ್ಮದು ಒಂದು, ಅವನ ಭಾವನ ಖಾನಾವಳಿಗೆ ಬೇಕಾದ ಹೊರರಾಜ್ಯದ ಖಡಕ್ ಕಾಯಿಯದು ಇನ್ನೊಂದು. ಒಳಗೆ ಬಂದದ್ದು ಖಾನಾವಳಿಯದು.

"ಲೇ, ಇದು ಬ್ಯಾಡಗಿ ಕಾಯಿ ಏನಲೇ?" ಎಂದು ಅರಚಿದೆ.

"ಬ್ಯಾಡಗಿದ... ಆಕ್ಷೀ... ಬ್ಯಾಡಗಿದ ಐತಿ. ದಿನಾ ನೂರು ಚೀಲ ನೋಡಾವ ನಾ. ಖಾರ ಇರೂದಿಲ್ಲ" ಎಂದ, ಧಾರಾಕಾರವಾಗಿ ಅಳುತ್ತ.

ಆಗ ನನಗೆ ಮಾವನವರ ಕಣ್ಣು ನೆನಪಾಯಿತು. ತಡವರಿಸುತ್ತ ಅವರ ಖೋಲಿಗೆ ಓಡಿದರೆ ಮಂಚ ಖಾಲಿ. ಗೋಡೆ ಹಿಡಿದು ಬೀದಿಗೆ ಬಂದೆ. ಮಾವನವರು ಎದುರುಮನೆಯ ಚಾಚಿಯ ಕಟ್ಟೆಯ ಮೇಲೆ ಕನ್ನಡಕ ಹಾಕಿಕೊಂಡು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. "ನೀವು ಬಾಣಲಿ ಇಟ್ಟ ಸಪ್ಪಳಕ್ಕ ಎದ್ದು ಬಂದೆ" ಎಂದರು. ದೇವರು ದೊಡ್ಡವನು ಎಂದು ಅಲ್ಲೇ ಕೈ ಮುಗಿದೆ.

ಚಾಚಿ ನನ್ನನ್ನೂ, ನನ್ನ ಹಿಂದೆಯೇ ಕಣ್ಣೊರೆಸುತ್ತ ಬಂದ ಗೆಳೆಯನನ್ನೂ ನೋಡಿದರು. ಮಾವನವರನ್ನು ನೋಡಿದರು. ಮತ್ತೆ ನಮ್ಮನ್ನು ನೋಡಿ ಕೇಳಿದರು: "ಯಾ ಅಲ್ಲಾ! ಆಪರೇಶನ್ ಆಗಿದ್ದು ಮೂರೂ ಮಂದಿಗೇನ್ರಿ?"

ಎಷ್ಟು ಬೆರಳು?

ದಿನ ಹತ್ತಾದರೂ ಮಾವನವರು ಕಣ್ಣು ಕಾಣುತ್ತದೆ ಎಂದೂ ಹೇಳಲಿಲ್ಲ, ಕಾಣುವುದಿಲ್ಲ ಎಂದೂ ಹೇಳಲಿಲ್ಲ. ಕೇಳಿದರೆ "ನೋಡೂಣು" ಅಷ್ಟೇ. ಹೆಂಡತಿ ಊಟ ಬಿಟ್ಟು ಕೂರತೊಡಗಿದಳು. ನನಗೂ ಒಳಗೊಳಗೇ ಹೆದರಿಕೆ. ಎಷ್ಟೆಂದರೂ ನನ್ನನ್ನು ಬೈಯಲಾದರೂ ಆ ಕಣ್ಣು ಬೇಕಿತ್ತು.

ನೋಡಲು ಬಂದ ಹಾವೇರಿಯ ಗೆಳೆಯ ಬಸ್ ಕಂಡಕ್ಟರು. ಎಲ್ಲವನ್ನೂ ನಿಂತ ಕಾಲಲ್ಲೇ ತೀರ್ಮಾನ ಮಾಡುವ ಅಭ್ಯಾಸ. "ಈಗ ನೋಡೇ ಬಿಡೂಣು" ಎಂದು ಮಾವನವರ ಮೂಗಿನ ಮುಂದೆ ಮೂರು ಬೆರಳು ಹಿಡಿದ. "ಕಾಕಾರ, ಎಷ್ಟು ಬಟ್ಟು ಅದಾವು ಹೇಳ್ರಿ?"

ಹೆಂಡತಿ ಬಾಗಿಲಿಗೆ ಬಂದು ನಿಂತಳು. ಮಾವನವರು ಮುಖವನ್ನು ಆ ಬೆರಳುಗಳ ಹತ್ತಿರ ತಂದರು. ಆಮೇಲೆ ಹೇಳಿದರು:

"ಎಷ್ಟರ ಇರ್ಲಿ ತಮ್ಮಾ, ಮೊದಲ ತೊಳಕೊಂಡು ಬಾ."

ಬೆರಳಿಗೆ ಹತ್ತಿದ್ದ ತಂಬಾಕನ್ನು ಕಂಡು ಹೇಳಿದ್ದೋ, ಅದರ ವಾಸನೆಗೆ ಹೇಳಿದ್ದೋ ಯಾರಿಗೂ ತಿಳಿಯಲಿಲ್ಲ. ಗೆಳೆಯ ಮಾತ್ರ ಸೋಪು ಹಚ್ಚಿ ತೊಳೆದುಕೊಂಡು ಬಂದ.

ಹಲಗೇರಿಯ ಸೀತನಿ

ಸೋಮವಾರ ಡಾಕ್ಟರ ಹತ್ತಿರ ಹೋಗುವುದಿತ್ತು. ಅದರ ಹಿಂದಿನ ಭಾನುವಾರ ಹಲಗೇರಿಯ ಹೊಲದಲ್ಲಿ ನಾವು ಗೆಳೆಯರು ವರ್ಷಾವರ್ಷ ಮಾಡುವ ಸೀತನಿ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನುವುದು. ಬೆಳಗಿನ ಚಳಿಯಲ್ಲಿ ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಮಾವನವರನ್ನು ಬಿಟ್ಟು ಬರಲು ಹೆಂಡತಿ ಒಪ್ಪಲಿಲ್ಲ. ಹೊಗೆ ತಾಗದಷ್ಟು ದೂರ, ಗಾಳಿ ಬರುವ ಕಡೆ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಅವರನ್ನು ಕೂರಿಸಿದೆವು.

ಆ ಹೊಲದಲ್ಲಿದ್ದದ್ದು ಬಿತ್ತನೆಗೆ ಬೆಳೆಸುವ ಬೀಜದ ಜೋಳ. ಬೀಜದ ಕಂಪನಿಯ ಸೂಪರ್‌ವೈಸರ್ ಆಗಿ ಅದನ್ನು ನೋಡಿಕೊಳ್ಳುವವನು ನಾನೇ. ಅಂಥ ಹೊಲದಲ್ಲಿ ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು. ಹೆಣ್ಣಿನ ಸಾಲಿನ ತೆನೆ ಬೀಜಕ್ಕೆ, ಅದನ್ನು ಮುಟ್ಟುವಂತಿಲ್ಲ. ಗಂಡಿನ ಸಾಲಿನದನ್ನು ತಿನ್ನಬಹುದು. ಗುರುತಿಗೆಂದು ಗಂಡಿನ ಸಾಲುಗಳ ತುದಿಗೆ ಕೋಲು ನೆಟ್ಟು ಕೆಂಪು ಚಿಂದಿ ಕಟ್ಟಿರುತ್ತಾರೆ. "ಬೇಕಾದಷ್ಟು ಕೊಯ್ಕೊಳ್ರಿ ಸರ, ನಿಮಗೇನು ಹೇಳೂದು" ಎಂದ ಹೊಲದ ಒಡೆಯ.

ನಾನು ಕುಡುಗೋಲು ಹಿಡಿದು ಗೆಳೆಯರಿಬ್ಬರಿಗೂ ಪಾಠ ಮಾಡಿದೆ. "ಚಿಂದಿ ನೋಡೂದು ನಿಮ್ಮಂಥವ್ರು. ನನಗ ಗಿಡ ಮಾರಿ ನೋಡಿದ್ರ ತಿಳೀತೈತಿ." ಅಡ್ಡದಾರಿಯಿಂದ ಹೊಲದ ನಡುವಿಗೇ ನುಗ್ಗಿ, ಹಾಡಿಕೊಳ್ಳುತ್ತ ಎಂಟು ತೆನೆ ಕೊಯ್ದು ಬೆಂಕಿಯ ಕಡೆ ಎಸೆದೆ. ಒಂಬತ್ತನೆಯದಕ್ಕೆ ಕೈ ಹಾಕಿದಾಗ ಬೇವಿನ ಮರದಿಂದ ಗುಡುಗು ಬಂತು.

"ಅಳಿಯಂದ್ರ! ಕೈ ತಗೀರಿ! ಹೆಣ್ಣಿನ ಸಾಲಿನ್ಯಾಗ ಅದೀರಿ ನೀವು!"

"ಕುಂದರ್ರಿ ಮಾವಾರ, ಅಲ್ಲಿಂದ ನಿಮಗೇನು ಕಾಣ್ತೈತಿ?" ಎಂದೆ, ರೇಗಿ.

"ಎಲ್ಲಾ ಕಾಣ್ತೈತಿ! ಕೆಂಪ ಚಿಂದಿ ನಿಮ್ಮ ಎಡಕ್ಕ ಎರಡ ಸಾಲು ಬಿಟ್ಟು ಐತಿ. ಸ್ವೆಟರ್ ತಿರುವಮುರುವ ಹಾಕ್ಕೊಂಡೀರಿ, ಅದೂ ಕಾಣ್ತೈತಿ!"

ಎಲ್ಲರೂ ನನ್ನ ಸ್ವೆಟರ್ ನೋಡಿದರು. ಹೊಲಿಗೆಯೆಲ್ಲ ಹೊರಗಿತ್ತು. ಕೆಂಪು ಚಿಂದಿಯೂ ಅವರು ಹೇಳಿದ ಜಾಗದಲ್ಲೇ ಇತ್ತು. ಹೊಲದ ಒಡೆಯ "ಎಂಟ ತೆನಿ, ಇರ್ಲಿ ಬಿಡ್ರಿ ಸರ" ಎಂದು ನಗು ತಡೆದುಕೊಂಡ. ಮಾನ ಹೋದದ್ದು ನಿಜ, ಆದರೆ ನನಗೆ ಅವತ್ತು ಅದರ ಪರಿವೆಯೇ ಇರಲಿಲ್ಲ. ಕಣ್ಣು ಬಂದಿತ್ತು! ಹೆಂಡತಿ ಚಟ್ನಿಯ ಡಬ್ಬಿ ಅಲ್ಲೇ ಬಿಟ್ಟು ಓಡಿ, ಅಪ್ಪನ ಎರಡೂ ಕೈ ಹಿಡಿದು ಅಳತೊಡಗಿದಳು.

"ಅಪ್ಪಾ, ಯಾವಾಗಿಂದ ಕಾಣಾಕತ್ತೈತಿ?"

ಮಾವನವರು ಸ್ವಲ್ಪ ನಾಚಿಕೊಂಡರು.

"ಮಂಗಳವಾರದಿಂದ."

"ಮಂಗಳವಾರ? ಐದು ದಿನಾ ನಾ ಜೀವ ಕೈಯಾಗ ಹಿಡಕೊಂಡೀನಿ! ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ದಿದ್ರ ಬುಧವಾರ ಹೊಸರಿತ್ತಿ ಬಸ್ ಹತ್ತಸ್ತಿದ್ರಿ" ಎಂದು ಮಾವನವರು ಸೀತನಿ ಕಾಳಿಗೆಂದು ತಂದಿಟ್ಟಿದ್ದ ಮೊರ ತಮ್ಮ ಕಡೆಗೆ ಎಳೆದುಕೊಂಡರು. "ಸೀತನಿ ನಿಮ್ಮಪ್ಪ ತಿಂತಿದ್ನೇನು?"