ಅಜ್ಜಿ ಕೂತರೆ ಗುಂಯ್‌ಗುಡುವ ಕಾರು

"ಅಮ್ಮಾ, ಅಜ್ಜಿ ಕಾರಲ್ಲಿ ಕೂತಾಗ ಮಾತ್ರ ಯಾಕೆ ಗುಂಯ್ ಅಂತಾರೆ?"

ನನ್ನ ಮಗಳು ಈ ಪ್ರಶ್ನೆ ಕೇಳಿದ್ದು ಊಟದ ಮೇಜಿನ ಮುಂದೆ, ಅಜ್ಜಿಯ ಎದುರಿಗೇ. ಅಜ್ಜಿ ಎಂದರೆ ನನ್ನ ಅತ್ತೆ. ತುತ್ತು ಹಿಡಿದ ಅವರ ಕೈ ಅರ್ಧದಲ್ಲೇ ನಿಂತಿತು.

ಮಗು ಹೇಳಿದ್ದು ಸುಳ್ಳಲ್ಲ. ಕೆಲವು ವಾರಗಳಿಂದ ಕಾರಿನಲ್ಲೊಂದು ಸದ್ದು ಸೇರಿಕೊಂಡಿತ್ತು. ನಾನು, ನಮ್ಮವರು, ಮಗಳು ಹೋದರೆ ಸದ್ದಿಲ್ಲ. ಅತ್ತೆ ಹಿಂದಿನ ಸೀಟಿನ ಎಡಮೂಲೆಯಲ್ಲಿ, ಅಂದರೆ ತಮ್ಮ ಖಾಯಂ ಸಿಂಹಾಸನದಲ್ಲಿ ವಿರಾಜಮಾನರಾದರೆ ಸಾಕು, ವೇಗದ ಜೊತೆಗೆ ಗುಂಯ್ ಎಂದು ಏರುತ್ತಿತ್ತು. ಅವರಿಗೆ ಹಾಡು ಗುನುಗುವ ಅಭ್ಯಾಸವಿದೆ. ಹಾಗಾಗಿ ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

"ನಾನು ಕಾರಲ್ಲಿ ಬಾಯೇ ಬಿಟ್ಟಿಲ್ಲ," ಎಂದರು ಅತ್ತೆ.

"ಹೋಗ್ಲಿ ಬಿಡಮ್ಮ, ವಯಸ್ಸಾದ ಮೇಲೆ ಗೊತ್ತಾಗಲ್ಲ," ಎಂದರು ನಮ್ಮವರು. ಇವರ ಸಮಾಧಾನ ಯಾವಾಗಲೂ ಹೀಗೇ, ಗಾಯಕ್ಕೆ ಉಪ್ಪು ಸವರಿ ಮುಲಾಮು ಅನ್ನುತ್ತಾರೆ.

"ಸರಿ ಕಣಪ್ಪ. ಆ ಸದ್ದು ನನ್ನದಲ್ಲ ಅಂತ ಗೊತ್ತಾಗೋ ತನಕ ನಿನ್ನ ಕಾರಿಗೆ ನಾನು ಕಾಲಿಡಲ್ಲ."

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬರುವ ಭಾನುವಾರ ಅತ್ತೆ ತಮ್ಮ ಅಕ್ಕನನ್ನು ನೋಡಲು ಹೋಗಬೇಕಿತ್ತು. ಮಂಡಿಯ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದ ಆ ಅಕ್ಕ ಬೆಳಗಾದರೆ ಫೋನ್ ಮಾಡಿ, "ಯಾವಾಗ ಬರ್ತೀಯೇ?" ಎನ್ನುತ್ತಿದ್ದರು. ಅವರಿಗೆಂದು ಅತ್ತೆ ಹೆಣೆದ ಶಾಲು ಮಡಿಸಿಟ್ಟಂತೆಯೇ ಕಾಯುತ್ತಿತ್ತು. ಬಾಡಿಗೆ ಕಾರು ಕರೆಸೋಣ ಎಂದೆ.

"ಮನೇಲಿ ಕಾರಿಟ್ಕೊಂಡು ಬಾಡಿಗೆ ಕಾರಲ್ಲಿ ಇಳಿದ್ರೆ, ಸೊಸೆ ಜೊತೆ ಜಗಳಾನಾ ಅಂತ ಅಕ್ಕ ಕೇಳ್ತಾಳೆ. ಅವಳಿಗೆ ಸುಳ್ಳು ಹೇಳಲಾ?"

ನನ್ನ ಹೆಸರಿಗೇ ಕುತ್ತು ಬಂತು! ತಕ್ಷಣ ಗ್ಯಾರೇಜಿನವನಿಗೆ ಫೋನ್ ಹಚ್ಚಿ, ಬಾಯಿಂದಲೇ ಆ ಸದ್ದು ಮಾಡಿ ಕೇಳಿಸಿದೆ. "ವೀಲ್ ಬೇರಿಂಗ್ ಸವೆದಿದೆ ಮೇಡಂ. ಮುಂದಿನ ವಾರ ತನ್ನಿ," ಎಂದ. ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಉಕ್ಕಿನ ಗುಂಡುಗಳನ್ನು ತುಂಬಿದ ಬಳೆಯೊಂದು ಇರುತ್ತದೆ, ಅದೇ ಬೇರಿಂಗ್. ಮುಂದಿನ ವಾರ ಯಾರಿಗೆ ಬೇಕು? ಅಳುವ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಮಿಕ್ಸಿ ಬಿಚ್ಚಿ ಜೋಡಿಸಿದವಳು ನಾನು. ನನಗೊಂದು ಚಕ್ರ ಯಾವ ಲೆಕ್ಕ? ಶನಿವಾರವೇ ಶಸ್ತ್ರಚಿಕಿತ್ಸೆ ಎಂದು ಘೋಷಿಸಿದೆ.

ರೋಗಪತ್ತೆಗೆ ನಾನು ಒಂದು ಕ್ಷಣವನ್ನೂ ಹಾಳುಮಾಡಲಿಲ್ಲ. "ಸದ್ದು ಹಿಂದಿನಿಂದ ಬರತ್ತೆ. ಬಲಕ್ಕೆ ತಿರುಗಿಸಿದಾಗ ಜೋರಾಗತ್ತೆ. ಅಂದ್ರೆ ಹಿಂದಿನ ಬಲಚಕ್ರ."

"ಎಷ್ಟು ಸರಳ," ಎಂದರು ನಮ್ಮವರು, ಜ್ಯಾಕ್ ಎತ್ತಿಕೊಳ್ಳುತ್ತ.

ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಅತ್ತೆ, "ಅಲ್ಲಮ್ಮ, ಅದು..." ಎಂದು ಶುರು ಮಾಡಿದರು.

"ನೀವು ಸುಮ್ನೆ ಕೂತಿರಿ ಅತ್ತೆ. ನಿಮ್ಮ ಮಾನ ಉಳಿಸೋ ಜವಾಬ್ದಾರಿ ನನ್ನದು."

ಅವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಎತ್ತಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಇಟ್ಟೆವು. ಚಕ್ರ ಬಂತು. ಬ್ರೇಕಿನ ಡ್ರಮ್ಮು ಸುತ್ತಿಗೆಯ ಮರ್ಯಾದೆ ಮಾಡಿಸಿಕೊಂಡು ಬಂತು. ಬೇರಿಂಗನ್ನು ಹಿಡಿದಿಟ್ಟಿದ್ದ ಬೋಲ್ಟುಗಳಲ್ಲಿ ಕೊನೆಯದು ಮಾತ್ರ ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ಕದಲಲಿಲ್ಲ. ನಮ್ಮವರು ಅದಕ್ಕೆ ಸಿಕ್ಕಿಸಿದ ಸ್ಪ್ಯಾನರಿನ ಮೇಲೆ ಹತ್ತಿ ನಿಂತರು. ನಾನು ಎಣ್ಣೆ ಬಿಟ್ಟೆ, ಬೈದೆ, ಪುಸಲಾಯಿಸಿದೆ.

"ಥೇಟ್ ನಿನ್ನ ಹಾಗೇ," ಎಂದರು ಇವರು.

"ಹಾಗಾದ್ರೆ ನಿಮ್ಮ ಕೈಲಿ ಆಗಲ್ಲ, ಇಳೀರಿ," ಎಂದು ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಜಗ್ಗಿದೆ. ಬೋಲ್ಟು ಬಿಟ್ಟಿತು. ನಾನು ಹೂಕುಂಡದ ಮೇಲೆ ಕೂತಿದ್ದೆ. ಹಳೆಯ ಬೇರಿಂಗ್ ಉರುಳುತ್ತ ಹೋಗಿ ಅತ್ತೆಯ ಪಾದ ಮುಟ್ಟಿತು.

"ಅಮ್ಮ ಕಾರು ಮುರಿದ್ಲು," ಎಂದು ಮಗಳು ಪಕ್ಕದ ಮನೆಯವರಿಗೆ ವರದಿ ಒಪ್ಪಿಸಿದಳು.

ಅಂಗಡಿಯಿಂದ ತಂದಿಟ್ಟಿದ್ದ ಹೊಸದನ್ನು ಕೂರಿಸಿ ಒಂದು ಸುತ್ತು ಹೋಗಿಬಂದೆವು. ಸದ್ದಿಲ್ಲ, ಕಾರೋ ಹಂಸವೋ ಎಂಬಂತೆ ತೇಲಿತು. ಗ್ರೀಸು ಮೆತ್ತಿದ ಮುಖದಲ್ಲೇ ಅತ್ತೆಯ ಮುಂದೆ ನಿಂತು ತೀರ್ಪು ಓದಿದೆ: "ನೀವು ನಿರ್ದೋಷಿ."

ಭಾನುವಾರ ಬೆಳಗ್ಗೆ ಅತ್ತೆ ಶಾಲಿನ ಗಂಟು ಹಿಡಿದು ಬಂದರು. ಕಾರು ಹತ್ತುವ ಮುನ್ನ ಲೋಟದ ನೀರನ್ನು ಬಾಯಿ ತುಂಬ ತುಂಬಿಕೊಂಡರು. ಇನ್ನು ಯಾರೂ ಅನುಮಾನಿಸಬಾರದಲ್ಲ! ಕೆನ್ನೆ ಉಬ್ಬಿಸಿಕೊಂಡು ಎಡಮೂಲೆಯಲ್ಲಿ ಕೂತರು. ದೊಡ್ಡ ರಸ್ತೆಗೆ ಬಂದು ಬಲಕ್ಕೆ ತಿರುಗಿದೆವು.

ಗುಂಯ್...

ಮಗಳು ಅಜ್ಜಿಯ ಕೆನ್ನೆಯನ್ನು ಬೆರಳಿಂದ ಒತ್ತಿ ನೋಡಿದಳು. "ಅಜ್ಜಿ ಬಾಯಲ್ಲಿ ನೀರಿದೆ. ಮತ್ತೆ ಯಾರು?"

ನಮ್ಮವರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಕೊನೆಗೆ ಅತ್ತೆಯತ್ತ ತಿರುಗಿ, ಮೊದಲ ದಿನವೇ ಕೇಳಬೇಕಿದ್ದ ಮಾತನ್ನು ಕೇಳಿದೆ: "ಅತ್ತೆ, ಸದ್ದು ಎಲ್ಲಿಂದ ಬರ್ತಿದೆ?"

ಅವರು ನೀರು ನುಂಗಿದರು. "ನಾನು ಕೂತಿರೋದರ ಕೆಳಗಿಂದ. ಕಾಲಿಗೆ ಜುಮ್ ಅನ್ನತ್ತೆ. ನಿನ್ನೆ ಹೇಳೋಕೆ ಬಂದೆ, ಸುಮ್ನೆ ಕೂತಿರಿ ಅಂದೆಯಲ್ಲ."

ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಚಕ್ರದ ಮೇಲೆ ಬೀಳುತ್ತದೆ. ಅದರ ಮೇಲೇ ಅತ್ತೆಯೂ ಕೂತರೆ ಸವೆದ ಬೇರಿಂಗು ಬಾಯಿಬಿಡದೆ ಏನು ಮಾಡೀತು? ಅತ್ತೆಯಿಲ್ಲದೆ ಪರೀಕ್ಷೆ ಮಾಡಿ, ಸದ್ದಿಲ್ಲವೆಂದು ಕುಣಿದ ಮಹಾ ಮೆಕ್ಯಾನಿಕ್ ನಾನು. ನಿನ್ನೆ ಕಿತ್ತು ಹಾಕಿದ್ದು ಗಟ್ಟಿಮುಟ್ಟಾದ ಬೇರಿಂಗು.

ಪುಣ್ಯಕ್ಕೆ ಅಂಗಡಿಯವನು ಬೇರಿಂಗುಗಳನ್ನು ಜೋಡಿಯಾಗಿಯೇ ಕೊಟ್ಟಿದ್ದ. ಕಾರು ಮನೆಗೆ ತಿರುಗಿತು. "ಮಧ್ಯಾಹ್ನ ಬರ್ತೀನಿ ಅಕ್ಕ. ಸೊಸೆ ಕಾರು ರಿಪೇರಿ ಮಾಡ್ತಿದಾಳೆ. ಹೂಂ ಕಣೇ, ಅವಳೇ!" ಎಂದು ಅತ್ತೆ ಫೋನಿನಲ್ಲಿ ಹೇಳುವುದು ಕಾರಿನ ಕೆಳಗಿದ್ದ ನನಗೂ ಕೇಳಿಸಿತು. ಈ ಸಲ ಬೋಲ್ಟುಗಳು ಮರ್ಯಾದೆಯಿಂದ ಬಂದವು. ಕಿತ್ತ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಎಂದಿತು.

ಮತ್ತೆ ಹೊರಟೆವು. ಅತ್ತೆಯ ಪಕ್ಕದಲ್ಲಿ ನಾನೇ ಕೂತೆ. ಬಲಕ್ಕೆ ತಿರುಗಿದರೂ ಸದ್ದಿಲ್ಲ, ಎಡಕ್ಕೆ ತಿರುಗಿದರೂ ಸದ್ದಿಲ್ಲ. ಎಂಥ ನಿಶ್ಶಬ್ದವೆಂದರೆ, ಸ್ವಲ್ಪ ಹೊತ್ತಿನಲ್ಲೇ ನಮಗೆಲ್ಲರಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ತೆಳ್ಳನೆಯ, ಇಂಪಾದ ರಾಗ. ಅತ್ತೆಯ ತುಟಿ ಮಾತ್ರ ಬಿಗಿಯಾಗಿ ಮುಚ್ಚಿಯೇ ಇತ್ತು.

"ಅಮ್ಮಾ, ಅಜ್ಜಿ!" ಎಂದಳು ಮಗಳು.

ರಾಗ ನಿಂತಿತು. ಅತ್ತೆ ಕಿಟಕಿಯಾಚೆ ನೋಡಿದರು, ಮಡಿಲಿನ ಶಾಲು ಸರಿಮಾಡಿಕೊಂಡರು, ಆಮೇಲೆ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಾಗಿದರು.

"ಒಂದು ಉಪಕಾರ ಮಾಡ್ತೀಯೇನಮ್ಮ? ಅಕ್ಕನ್ನ ನೋಡ್ಕೊಂಡು ಬಂದ ಮೇಲೆ ಆ ಹಳೇದನ್ನೇ ಮತ್ತೆ ಹಾಕ್ಬಿಡು. ಶ್ರುತಿ ಚೆನ್ನಾಗಿ ಹಿಡಿದಿತ್ತು."