ಅತ್ತೆಯವರನ್ನು ಕರೆತರಲು ಒಂದು ಇನ್ಶೂರೆನ್ಸು

ಮನೆಯಲ್ಲಿ ಸಾವಾದ ಮೇಲೆ ನಗುವಂಥದ್ದು ನಡೆಯುವುದು ನಿಂತುಹೋಗುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ನಗಬೇಕಾದವಳು ಮಾತ್ರ ಇರಲಿಲ್ಲ.

ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಧುಗಿರಿಯಿಂದ ತುಮಕೂರಿನ ಆಸ್ಪತ್ರೆಗೆ ಹೊರಟ ದಿನ ನಾನು ಕೆಂಪು ಸಿಗ್ನಲ್ ದಾಟಿದೆ. ಆದರೂ ತಲುಪಿದ್ದು ತಡವಾಗಿಯೇ. ಕಾರ್ಯಗಳೆಲ್ಲ ಮುಗಿದ ಮೇಲೆ ನೋಟಿಸು ಬಂತು. ಮೂರು ತಿಂಗಳು ಲೈಸೆನ್ಸು ಸಸ್ಪೆಂಡ್. ತಪ್ಪು ನನ್ನದೇ, ತಕರಾರು ಮಾಡಲಿಲ್ಲ. ಅವಧಿ ಮುಗಿದರೂ ವಾಪಸು ಪಡೆಯಲು ಹೋಗಲಿಲ್ಲ. ಕಾರಿನ ಇನ್ಶೂರೆನ್ಸು ಮುಗಿದದ್ದೂ ಗಮನಕ್ಕೆ ಬರಲಿಲ್ಲ.

ಅವಳ ವರ್ಷದ ಕಾರ್ಯ ಹತ್ತಿರ ಬಂದಾಗ ತಿರುಮಣಿಯಿಂದ ಅತ್ತೆಯವರು ಫೋನು ಮಾಡಿದರು. "ನನ್ನ ಮಗಳ ಕಾರಾಗೆ ನೀವೇ ಬಂದು ಕರ್ಕಂಡು ಹೋದ್ರೆ ಬರ್ತೀನಿ. ಬೇರೆ ಗಾಡಿ ಹತ್ತಲ್ಲ." ಮಗಳು ಹೋದಮೇಲೆ ಅವರು ಊರು ಬಿಟ್ಟು ಹೊರಗೆ ಬಂದಿರಲಿಲ್ಲ. ಆ ದಿನ ತಾಯಿಯೇ ಇಲ್ಲದಿದ್ದರೆ ಹೇಗೆ? ನಾನು ಓಡಾಟ ಶುರುಮಾಡಿದೆ.

ನಿಂತ ಕಾರು

ಶಿರಾದ ಪರಿಚಯದ ಇನ್ಶೂರೆನ್ಸು ಏಜೆಂಟನ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅರೆ ಮಾಸ್ಟರ್ ಸಾಬ್, ಪಾಲಿಸಿ ಬೇಕಾದ್ರೆ ಮಾಡಿಸ್ಕೊಡ್ತೀನಿ. ಆದ್ರೆ ಲೈಸೆನ್ಸ್ ಇಲ್ದೆ ನೀವು ಓಡಿಸಿ ಏನಾದ್ರೂ ಆದ್ರೆ ಒಂದು ಪೈಸೆ ಬರಲ್ಲ. ನಿಂತಲ್ಲೇ ನಿಂತಿದ್ದಾಗ ಏನಾದ್ರೂ ಆದ್ರೆ ಬರುತ್ತೆ."

"ನಿಂತ ಕಾರಿಗೆ ಏನಾಗುತ್ತೆ?"

"ಮೇಲೆ ತೆಂಗಿನಕಾಯಿ ಬೀಳಬಹುದು."

"ನಮ್ಮ ಮನೆ ಹತ್ತಿರ ತೆಂಗಿನ ಮರ ಇಲ್ಲ."

ಆತ ಗಂಭೀರವಾಗಿ ಯೋಚಿಸಿದ. "ಹಂಗಾದ್ರೆ ಮೊದ್ಲು ಲೈಸೆನ್ಸ್ ಬಿಡಿಸ್ಕೊಳ್ಳಿ. ಇಲ್ಲಾಂದ್ರೆ ಒಂದು ತೆಂಗಿನ ಸಸಿ ನೆಡಿ ಸಾರ್, ಸುಮ್ನೆ ಪ್ರೀಮಿಯಂ ವೇಸ್ಟ್ ಆಗಬಾರದು."

ಪಾಠ

ಲೈಸೆನ್ಸು ಮರಳಿ ಸಿಗಲು, ನನ್ನಂತೆ ಅದನ್ನು ಕಳೆದುಕೊಂಡವರಿಗೆಂದೇ ಇದ್ದ ಒಂದು ತರಬೇತಿಗೆ ಕೂರಬೇಕಿತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಪಾಠ ಮಾಡುತ್ತಿದ್ದವನು ಸೀಮೆಸುಣ್ಣ ಕೆಳಗಿಟ್ಟು ಕೈಕಟ್ಟಿ ನಿಂತ. ಕೊರಟಗೆರೆಯ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಅವನು ನಿಂತದ್ದು ನೋಡಿ, ಯಾರೋ ದೊಡ್ಡ ಅಧಿಕಾರಿ ಬಂದರೆಂದು ಬೆಂಚಿನ ಮೇಲಿದ್ದ ಡ್ರೈವರುಗಳೆಲ್ಲ ಎದ್ದರು.

ಒಬ್ಬ ಟಿಪ್ಪರ್ ಡ್ರೈವರು ಮುಂದೆ ಬಂದು ಕೈಮುಗಿದ. "ಸಾಮಿ, ಇನ್ಮೇಲೆ ಕುಡ್ದು ಓಡ್ಸಲ್ಲ. ಒಂದ್ಸಲ ಬುಟ್ಬುಡಿ."

"ನಾನೂ ನಿಮ್ಮ ಹಾಗೇ ಕಣಪ್ಪಾ. ಸಿಗ್ನಲ್ ದಾಟಿ ಬಂದಿದ್ದೀನಿ," ಎಂದು ಅವನ ಪಕ್ಕದಲ್ಲಿ ಕುಳಿತೆ. ಅವನು ತಕ್ಷಣ ಕೈ ಕೆಳಗಿಳಿಸಿ, "ಸರಿ, ಒಸಿ ಅತ್ಲಾಗ್ ಜರುಗಿ," ಎಂದ.

ಸಂಜೆ ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟ ನನ್ನ ಶಿಷ್ಯ, ನನ್ನದನ್ನು ಮಾತ್ರ ಹಿಡಿದುಕೊಂಡೇ ನಿಂತ.

"ಯಾಕಪ್ಪಾ?"

"ನಿಮಗೆ ಪಾಸು ಅಂತ ಬರೆಯೋಕೆ ಒಂಥರಾ ಆಗ್ತಿದೆ ಸಾರ್. ಒಂಬತ್ತನೇ ಕ್ಲಾಸಲ್ಲಿ ನೀವು ನನಗೆ ಬರೆದಿರಲಿಲ್ಲ."

ಗೀರು

ಲೈಸೆನ್ಸು ಕೈಗೆ ಬಂತು. ಆದರೆ ಇನ್ಶೂರೆನ್ಸು ಮುಗಿದು ಬಹಳ ದಿನವಾಗಿದ್ದರಿಂದ ಕಂಪನಿಯವರು ಕಾರನ್ನು ನೋಡಿ, ಫೋಟೋ ತೆಗೆದ ಮೇಲೆಯೇ ಹೊಸ ಪಾಲಿಸಿ. ಕಾರು ಮತ್ತೆ ರಸ್ತೆಗಿಳಿಯುವ ಸುದ್ದಿ ಕೇಳಿ, ಪಕ್ಕದ ಮನೆಯ ಹಿರಿಯರು ಬೆಳಿಗ್ಗೆಯೇ ಅದಕ್ಕೆ ಪೂಜೆ ಮಾಡಿ ಸುತ್ತಲೂ ವಿಭೂತಿ ಬಳಿದಿದ್ದರು.

ಫೋಟೋ ತೆಗೆಯಲು ಬಂದವನು ಕಂಗಾಲಾದ. "ಸಾರ್, ಇದ್ರಲ್ಲಿ ಸ್ಕ್ರಾಚ್ ಯಾವುದು, ವಿಭೂತಿ ಯಾವುದು?"

ಒದ್ದೆ ಬಟ್ಟೆ ಕೊಟ್ಟೆ. ಒಂದೊಂದೇ ಗೆರೆ ಒರೆಸಿದ. ಎಲ್ಲವೂ ಹೋದವು. ಎಡ ಬಾಗಿಲ ಮೇಲಿನ ಒಂದು ಹೋಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದ.

"ಅದು ಬೇಡ, ಬಿಡಿ," ಎಂದೆ. "ಕಾರು ಕಲಿಯುವಾಗ ನಮ್ಮ ಮನೆಯವರು ಗೇಟಿಗೆ ತಾಗಿಸಿದ್ದು."

"ಹಳೇ ಗೀರಿಗೆ ಕ್ಲೇಮ್ ಬರಲ್ಲ ಸಾರ್, ಹೇಳಿರ್ತೀನಿ."

"ಕ್ಲೇಮ್ ಬೇಡ. ಅದು ಅಲ್ಲೇ ಇರಬೇಕು. ಅದು ಹೋಗದ ಹಾಗೆ ಏನಾದರೂ ಪಾಲಿಸಿ ಇದೆಯೇ?"

ಅವನು ನನ್ನ ಮುಖ ನೋಡಿದ, ಬಟ್ಟೆ ಮಡಿಸಿಟ್ಟ. "ಕಾರಿಗೆ ಮಾಡ್ತಾರೆ ಸಾರ್. ಗೀರಿಗೆ ಮಾಡೋ ಕಂಪನಿ ಇನ್ನೂ ಬಂದಿಲ್ಲ."

ಗಾಡಿ ಓಡಿಸಿದವರು

ಕಾರ್ಯದ ಹಿಂದಿನ ದಿನ ತಿರುಮಣಿಗೆ ಹೋದೆ. ಅತ್ತೆಯವರು ಮಗಳಿಗೆ ಎಡೆ ಇಡಲು ಮಾಡಿದ್ದ ಕಜ್ಜಾಯದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಪಾವಗಡ ದಾಟಿದೆವು. ಆಚೆ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಅತ್ತೆಯವರು ನನ್ನ ತೋಳು ಹಿಡಿದುಕೊಂಡರು. "ಅಯ್ಯೋ, ಮತ್ತೆ ಕಿತ್ಕಂತಾರೇನು?"

ನಾನು ಉತ್ತರ ಕೊಡುವ ಮೊದಲೇ ಕಿಟಕಿಯತ್ತ ಬಾಗಿ ಹೇಳಿಯೇಬಿಟ್ಟರು: "ನಾಯನಾ, ನಮ್ಮ ಅಳಿಯಂದಿರದೇನೂ ತಪ್ಪಿಲ್ಲ. ಗಾಡಿ ಓಡಿಸ್ತಿದ್ದೋಳು ನಾನು."

ಪೊಲೀಸಿನವರು ಅವರನ್ನು ನೋಡಿದರು. ಕಜ್ಜಾಯದ ಡಬ್ಬಿ ನೋಡಿದರು. ನನ್ನೆದುರಿನ ಸ್ಟೀರಿಂಗ್ ನೋಡಿದರು.

"ಸ್ಟೀರಿಂಗು ಅವರ ಕೈಯಾಗೈತಲ್ಲಜ್ಜಿ?"

"ಈಗ ತಾನೆ ಒಸಿ ಹಿಡ್ಕಳಿ ಅಂತ ಕೊಟ್ಟೆ."

"ಲೈಸೆನ್ಸ್ ತೆಗಿ."

"ನನ್ನತ್ರ ಇಲ್ಲ."

"ಇಲ್ದೆ ಓಡಿಸ್ತೀಯಾ?"

"ಇದ್ದೋರ ಹತ್ರ ಕಿತ್ಕಂತೀರಿ. ಇಲ್ದಿರೋದನ್ನ ಹೆಂಗೆ ಕಿತ್ಕಂತೀಯೋ ನಾನೂ ನೋಡ್ತೀನಿ!"

ಪೊಲೀಸಿನವರು ಒಂದು ಕ್ಷಣ ಮುಖ ಅತ್ತ ತಿರುಗಿಸಿಕೊಂಡರು. ಆಮೇಲೆ ನನ್ನ ಲೈಸೆನ್ಸು, ಇನ್ಶೂರೆನ್ಸು ನೋಡಿ ಹಿಂದಕ್ಕೆ ಕೊಟ್ಟರು. "ಎಲ್ಲ ಸರಿಯಾಗಿದೆ ಸಾರ್. ಅಜ್ಜಿಗೆ ಒಸಿ ನಿಧಾನಕ್ಕೆ ಓಡ್ಸೋಕೆ ಹೇಳಿ."

ತಿರುವು ದಾಟುವವರೆಗೆ ಇಬ್ಬರೂ ತಡೆದುಕೊಂಡೆವು. ಆಮೇಲೆ ಅತ್ತೆಯವರು ನಕ್ಕರು. ನಾನೂ ನಕ್ಕೆ. "ಅವಳಿದ್ದಿದ್ರೆ..." ಎಂದವರು ಮಾತು ಮುಗಿಸದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೂ ರಸ್ತೆ ಮಂಜಾಯಿತು. ಕಾರನ್ನು ಬದಿಗೆ ನಿಲ್ಲಿಸಿದೆ.

ಕೊನೆಗೆ ಅವರೇ ಕಣ್ಣೊರೆಸಿಕೊಂಡು, ಡಬ್ಬಿ ಸರಿಯಾಗಿ ಇಟ್ಟುಕೊಂಡು ಹೇಳಿದರು:

"ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು. ನಿಮ್ಮ ಕೈಲಿ ಆಗದಿದ್ರೆ ಹೇಳಿ, ನಾನೇ ಓಡಿಸ್ತೀನಿ."