ಮಾವನ ಸ್ವರ ಅದುಮಿದ ಪೆಟ್ಟಿಗೆ

ಕುಂಬಳೆಯಲ್ಲಿ ಬೇಕರಿಯ ಮಹಡಿ ಮೇಲೆ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡರೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಜನ ಮೆಟ್ಟಿಲು ಹತ್ತಿ ಬಂದು ನಗಿಸಿ ಹೋಗುತ್ತಾರೆ. ಬಂದವರು ಮೊದಲು ಕೇಳುವುದೇ "ಎಂಜಿನಿಯರ್ ಎಲ್ಲಿ?" ಅಂತ. "ನಾನೇ" ಅಂದರೆ ಹೊರಗೆ ಹೋಗಿ ಬೋರ್ಡನ್ನು ಇನ್ನೊಮ್ಮೆ ಓದುತ್ತಾರೆ. ಓದಲಿ. ಈ ಜಿಲ್ಲೆಯಲ್ಲಿ ನನ್ನಷ್ಟು ಚೆಂದ ಸ್ವರ ಹಿಡಿಯುವವರು ಇದ್ದರೆ ತೋರಿಸಿ ನೋಡುವಾ.

೧. ಕಂಡಕ್ಟರ್ ಕೆಲಸ

ನನ್ನ ಮಾವ, ಅಂದರೆ ಗಂಡನ ಅಪ್ಪ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಹೋಗುವ ಊರುಗಳನ್ನು ಕೂಗಿ ಹೇಳುತ್ತಿದ್ದವರು. ಕೆಲಸ ಬಿಟ್ಟರೂ ಸ್ವರ ಬಿಟ್ಟಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ.

ಸ್ಟುಡಿಯೋ ಇರುವ ಕೋಣೆ ಅವರದ್ದು. ಅದನ್ನು ತನಗೆ ಕೊಡಿ ಎಂದು ಒಬ್ಬ ಮೊಬೈಲ್ ಅಂಗಡಿಯವ ಬೆನ್ನು ಬಿದ್ದಿದ್ದ. ಮಾವನಿಗೂ ಮನಸ್ಸು ಇದ್ದ ಹಾಗೆ ಕಾಣುತ್ತಿತ್ತು. "ಹಾಡುವವರು ಹಾಡ್ತಾರೆ, ಮಷೀನು ಹಿಡೀತದೆ. ಮಧ್ಯದಲ್ಲಿ ನಿನಗೆ ಎಂತ ಕೆಲಸ?" ಎಂದು ದಿನಾ ಕೇಳುವುದು. ಕೋಣೆ ಹೋಗುತ್ತದೆ ಎನ್ನುವ ಹೆದರಿಕೆ ಒಂದು ಕಡೆ. ಊರೆಲ್ಲ ಹೊಗಳಿದರೂ ಇವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲವಲ್ಲ ಎನ್ನುವ ಸಂಕಟ ಇನ್ನೊಂದು ಕಡೆ.

ಒಂದು ದಿನ ಅವರನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಕಂಪ್ರೆಸರ್ ಅನ್ನುವ ಪೆಟ್ಟಿಗೆ ತೋರಿಸಿದೆ. "ಮಾವ, ಯಾರ ಸ್ವರವೂ ಒಂದೇ ಹದದಲ್ಲಿ ಬರುವುದಿಲ್ಲ. ಈ ಪೆಟ್ಟಿಗೆ ಗಟ್ಟಿ ಸ್ವರವನ್ನು ಅದುಮುತ್ತದೆ. ಆಮೇಲೆ ಒಟ್ಟು ಸ್ವರ ಏರಿಸಿದರೆ ಮೆಲ್ಲಗೆ ಹೇಳಿದ್ದೂ ಮೇಲೆ ಬರ್ತದೆ. ಎಷ್ಟು ಅದುಮಬೇಕು, ಯಾವಾಗ ಬಿಡಬೇಕು ಅಂತ ನೋಡುವುದು ನಾನು. ರೆಕಾರ್ಡ್ ಆಗುವಾಗಲೇ ಜಾಸ್ತಿ ಅದುಮಿದರೆ ಮತ್ತೆ ಸರಿ ಮಾಡಲಿಕ್ಕಾಗುವುದಿಲ್ಲ."

ಮಾವ ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿ ಹೇಳಿದರು, "ಅದುಮಲಿಕ್ಕೂ ಕಲಿಯಬೇಕಾ? ಬಸ್ಸಿಗೆ ಜನ ಅದುಮುವ ನಮ್ಮ ಕಂಡಕ್ಟರುಗಳು ಯಾವ ಕಾಲೇಜಿಗೆ ಹೋಗಿದ್ದರು?"

೨. ಹೇಳಿದ್ದು ಯಾರು?

ಇಗರ್ಜಿಯ ಗಾಯನ ತಂಡ ಕೊಂಕಣಿ ಭಕ್ತಿಗೀತೆ ರೆಕಾರ್ಡ್ ಮಾಡಲಿಕ್ಕೆ ಬಂದಿತ್ತು. ಹಾಡಿಸುವ ಮಾಸ್ಟ್ರ ಸ್ವರ ಗುಡುಗು. ಹಿಂದೆ ನಿಂತ ಬಾಯಮ್ಮಂದಿರದ್ದು, ಅಂದರೆ ಚರ್ಚಿನ ಹೆಂಗಸರದ್ದು, ಸೊಳ್ಳೆ ಹಾರಿದಷ್ಟು. ಪೆಟ್ಟಿಗೆಯಿಂದ ಎರಡನ್ನೂ ಹದಕ್ಕೆ ತಂದೆ. ಎಷ್ಟು ಚೆಂದ ಬಂತು ಅಂದರೆ ನನಗೇ ನನ್ನ ಬೆನ್ನು ತಟ್ಟಿಕೊಳ್ಳುವ ಅಂತ ಆಯಿತು.

ಮಾಸ್ಟ್ರು ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಎರಡನೇ ಚರಣ ಮುಗಿದು ಎಲ್ಲರೂ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದು ಪಿಸುಮಾತು ಸ್ಪಷ್ಟವಾಗಿ ಬಂತು: "ಪ್ರತಿ ಸಲ ಇಲ್ಲಿಯೇ ಇವನು ಶ್ರುತಿ ಬಿಡುವುದು."

ಮಾಸ್ಟ್ರು ಕಣ್ಣು ಬಿಟ್ಟರು. "ಯಾರು ಹೇಳಿದ್ದು?"

ಬಾಯಮ್ಮಂದಿರೆಲ್ಲ ಒಟ್ಟಿಗೆ ಪೆಟ್ಟಿಗೆಯ ಕಡೆ ನೋಡಿದರು.

೩. ಮುಟ್ಟದ ಸ್ವರ

ಒಬ್ಬರು ಭಜನೆ ಹಾಡುವವರು ಬಾಗಿಲಲ್ಲೇ ಷರತ್ತು ಹಾಕಿದರು. "ಕಂಪ್ರೆಸರ್ ಗಿಂಪ್ರೆಸರ್ ಎಲ್ಲ ಬೇಡ. ನನ್ನ ಸ್ವರವನ್ನು ಮುಟ್ಟಬಾರದು."

"ಆಯ್ತು. ಒಂದೇ ಹಾಡನ್ನು ಎರಡು ದಾರಿಯಲ್ಲಿ ಹಿಡಿಯುವಾ, ಒಂದು ಪೆಟ್ಟಿಗೆಯಲ್ಲಿ, ಒಂದು ಹಾಗೆಯೇ. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ" ಅಂದೆ.

ಯಾವುದು ಯಾವುದೆಂದು ಹೇಳದೆ ಎರಡನ್ನೂ ಕೇಳಿಸಿದೆ. ಮೊದಲನೆಯದ್ದಕ್ಕೆ ಮುಖ ಕಿವುಚಿದರು. "ಒಮ್ಮೆ ಕಿರುಚಿದ ಹಾಗೆ, ಒಮ್ಮೆ ಓಡಿ ಹೋದ ಹಾಗೆ. ಇದು ಮಷೀನಿನ ಕಿತಾಪತಿ." ಎರಡನೆಯದ್ದಕ್ಕೆ ತಲೆದೂಗಿದರು. "ನೋಡಿ, ದೇವರು ಕೊಟ್ಟ ಸ್ವರ ಅಂದರೆ ಇದು."

ಪೆಟ್ಟಿಗೆಯದ್ದು ಎರಡನೆಯದು ಅಂತ ಹೇಳಿದೆ. ಅವರು ಪೆಟ್ಟಿಗೆಯ ಹತ್ತಿರ ಬಂದು ಕೇಳಿದರು, "ಈ ಪೆಟ್ಟಿಗೆ ಎಲ್ಲಿ ಸಿಗ್ತದೆ?"

೪. ಮೆಲ್ಲಗೆ ಹೇಳಿದ್ದು

ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ಆಟೋದಲ್ಲಿ ಹಾಕಿಕೊಂಡು ಹೋಗಲಿಕ್ಕೆ ಅನೌನ್ಸ್‌ಮೆಂಟ್ ಬೇಕಿತ್ತು. ಊರಿನಲ್ಲಿ ಆ ಸ್ವರ ಇರುವುದು ಒಬ್ಬರಿಗೇ. ಮಾವ ತಮ್ಮ ಹಳೆಯ ದೋಸ್ತಿ, ರಿಟೈರ್ಡ್ ಬಸ್ ಡ್ರೈವರನ್ನು ಜೊತೆಗೆ ಕರೆದುಕೊಂಡು ಬಂದರು. ಇಬ್ಬರನ್ನೂ ಮೈಕಿನ ಕೋಣೆಯಲ್ಲಿ ಕೂರಿಸಿ, ಗಾಜಿನ ಈಚೆ ನಾನು ಹೆಡ್‌ಫೋನ್ ಹಾಕಿ ಕೂತೆ.

"ಭಗವದ್ಭಕ್ತರೇ" ಅಂದರು ನೋಡಿ, ಪೆಟ್ಟಿಗೆಯ ಮುಳ್ಳು ಮೂಲೆಗೆ ಹೋಗಿ ಒರಗಿತು. ನಿಲ್ಲಿಸಿ, ಗಟ್ಟಿ ಅದುಮಿ, ಒಟ್ಟು ಸ್ವರ ಏರಿಸಿ ಮತ್ತೆ ಶುರು ಮಾಡಿಸಿದೆ. ಈ ಸಲ ಗಾಜಿನ ಲೋಟ ತೊಳೆದಿಟ್ಟ ಹಾಗೆ ಬಂತು. ನಾನು ಹೆಬ್ಬೆರಳು ತೋರಿಸಿದೆ. ಎಲ್ಲ ಮುಗಿಯಿತು ಅಂತ ಮಾವ ಎಣಿಸಿದರು. ಆದರೆ ರೆಕಾರ್ಡಿಂಗ್ ಓಡುತ್ತಲೇ ಇತ್ತು.

ಮಾವ ದೋಸ್ತಿಯ ಕಿವಿಗೆ ಬಗ್ಗಿದರು. ಅವರು ಪಿಸುಗುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮೊಬೈಲ್ ಅಂಗಡಿಯವನಿಗೆ ಕೋಣೆ ಇಲ್ಲ ಅಂತ ಹೇಳಿ ಕಳಿಸಿದೆ. ಇವಳ ಹಾಗೆ ಕೆಲಸ ಗೊತ್ತಿರುವವರು ಮಂಗಳೂರಿನಲ್ಲಿ ಸಹ ಇಲ್ಲ ಮಾರಾಯ. ಅವಳಿಗೆ ಹೇಳಬೇಡ, ತಲೆಗೆ ಹತ್ತುತ್ತದೆ."

ಒಂದೊಂದು ಅಕ್ಷರವೂ ಹೆಡ್‌ಫೋನಿನಲ್ಲಿ ಕೇಳಿತು. ನನಗೆ ಕಣ್ಣು ತುಂಬಿ ಬಂತು. ಹಾಗಂತ ಸುಮ್ಮನೆ ಬಿಡಲಿಕ್ಕೆ ಆಗ್ತದಾ? ಅವರ ಕೋಣೆಗೆ ಕೇಳಿಸುವ ಗುಂಡಿ ಒತ್ತಿ ಹೇಳಿದೆ, "ತಲೆಗೆ ಹತ್ತಿತು ಮಾವ."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಜನ್ಮದಲ್ಲಿ ಒಮ್ಮೆ ನೀನು ಮೆಲ್ಲಗೆ ಮಾತಾಡಿದೆ ಮಾರಾಯ, ಅದೂ ಕೇಳಿ ಹೋಯಿತು."

ಮಾವನ ಮುಖ ಕೆಂಪಾಯಿತು. ಎದ್ದು ನಿಂತು ಮೈಕಿನ ಎದುರೇ, ಬದಿಯಡ್ಕದ ಬಸ್ಸು ಹೊರಡುವಾಗಿನ ಸ್ವರದಲ್ಲಿ ಹೇಳಿದರು, "ನಾನು ಮೊದಲೇ ಹೇಳಲಿಲ್ವಾ? ಕೆಲಸ ಎಲ್ಲ ಈ ಪೆಟ್ಟಿಗೆಯದ್ದು. ಮಧ್ಯದಲ್ಲಿ ನಿನಗೆ ಎಂತ ಕೆಲಸ?"

ಆ ರೆಕಾರ್ಡಿಂಗ್ ಈಗಲೂ ನನ್ನ ಹತ್ತಿರ ಉಂಟು, ಬಂದವರಿಗೆಲ್ಲ ಹಾಕಿ ಕೇಳಿಸುತ್ತೇನೆ. ಕೂಗಿ ಬೈದದ್ದನ್ನು ಪೆಟ್ಟಿಗೆ ಚೆನ್ನಾಗಿ ಅದುಮಿದೆ. ಅದರಲ್ಲಿ ಗಟ್ಟಿಯಾಗಿ ಕೇಳುವುದು ಹೊಗಳಿದ್ದು ಮಾತ್ರ.